ನಾಲ್ಕು ಬೆರಳು ಮೇಲೇರಿದ ಗೆರೆ

ಕಡವಿನ ದೋಣಿಗಳ ಭಾರದ ಗೆರೆಯನ್ನು ನಾಲ್ಕು ಬೆರಳು ಮೇಲೇರಿಸಿ, ಹೊರಲಾಗದಷ್ಟು ಜನರನ್ನು ತುಂಬಲಾಗುತ್ತಿದೆ ಎಂದು ನಾನು ಅಧಿಕಾರಿಗೆ ತಿಳಿಸಿದೆ. ನಾನು ಹೇಳಿದ್ದು ನಿಜವಾಗಿತ್ತು. ನಿಜವೆಂಬುದು ಎಲ್ಲರ ಕಣ್ಣೆದುರು ಸಾಬೀತಾದ ಮೇಲೆಯೂ, ನಾನು ಅದನ್ನು ಮನೆಯ ಯಜಮಾನಿಕೆಯ ಆಸೆಯಿಂದ ಮಾಡಿದೆನೆಂದು ನನ್ನವರೇ ತೀರ್ಮಾನ ಕೊಟ್ಟರು. ಆ ತೀರ್ಮಾನವನ್ನು ಇಂದಿನವರೆಗೂ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಹಳೆಯದನ್ನು ಕೆದಕಬಾರದೆಂದು ಈಗಿನ ಕಿರಿಯರು ನನಗೆ ಬುದ್ಧಿ ಹೇಳುತ್ತಾರೆ. ಕೆದಕುವುದಕ್ಕೆ ಅದು ಹೂತುಹೋಗಿದ್ದರೆ ತಾನೆ?

ಎರಡನೆಯ ಮಹಾಯುದ್ಧ ಇನ್ನೂ ತೊಡಗಿರಲಿಲ್ಲ. ಬಂದರಿನಿಂದ ಹೊಳೆಯ ಆಚೆ ದಡವಾದ ಬೆಂಗ್ರೆಗೆ ಜನ ದೋಣಿಯಲ್ಲೇ ದಾಟಬೇಕಾಗಿತ್ತು. ಬೆಳಿಗ್ಗೆ ಆಚೆಯಿಂದ ಮೀನಿನ ಬುಟ್ಟಿಗಳ ಹೆಂಗಸರು, ಕಾಫಿ ಆರಿಸುವ ಕೆಲಸದವರು, ಶಾಲೆಯ ಮಕ್ಕಳು ಬರುವರು. ಸಂಜೆ ಅವರೇ ಹಿಂತಿರುಗುವರು. ದೋಣಿ ದಾಟುವ ಆ ಕಡವಿನ ಗುತ್ತಿಗೆ ನನ್ನ ಸೋದರಮಾವನದು. ಅವರು ನಮ್ಮ ಮನೆಯ ಯಜಮಾನರೂ ಹೌದು. ನಮ್ಮದು ಅಳಿಯಸಂತಾನದ ಮನೆ. ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಬರುವ ಕಟ್ಟು. ಅಳಿಯಂದಿರಲ್ಲಿ ನಾನು ಹಿರಿಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಅನ್ಯಾಯವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಕಡವಿನಲ್ಲಿ ನನ್ನ ಕೆಲಸ ಗಂಟೆ ಬಾರಿಸುವುದು. ಕೇಳುವುದಕ್ಕೆ ಸಣ್ಣದು; ಆದರೆ ಜನರ ಜೀವ ಅದರಲ್ಲಿತ್ತು. ಪ್ರತಿ ವರ್ಷ ಮಳೆ ಮುಗಿದ ಮೇಲೆ ದೋಣಿಗಳನ್ನು ದಡಕ್ಕೆಳೆದು, ಹಲಗೆಗಳ ಸಂದಿಗೆ ತೆಂಗಿನ ನಾರು ತುರುಕಿ, ಡಾಮರು ಬಳಿದು ಸಿದ್ಧಪಡಿಸುವರು. ಜಿಲ್ಲಾ ಬೋರ್ಡಿನ ಓವರ್ಸಿಯರರು ಬಂದು, ದೋಣಿಯನ್ನು ನೀರಿಗಿಳಿಸಿ, ಮರಳಿನ ಚೀಲಗಳನ್ನು ಹೇರಿಸಿ, ಎಷ್ಟು ಮುಳುಗಬಹುದೆಂದು ನಿಶ್ಚಯಿಸಿ, ಅಲ್ಲಿ ಬಿಳಿಯ ಗೆರೆಯೊಂದನ್ನು ಎಳೆಸುವರು. ಜನ ಹತ್ತುತ್ತಿದ್ದಂತೆ ದೋಣಿ ಇಳಿಯುತ್ತದೆ. ನೀರು ಗೆರೆಯನ್ನು ಮುಟ್ಟಿದ ಕ್ಷಣ ನಾನು ಗಂಟೆ ಬಾರಿಸಬೇಕು. ಗಂಟೆಯಾದ ಮೇಲೆ ಒಂದು ಕಾಲೂ ದೋಣಿಯೊಳಗೆ ಬೀಳಬಾರದು. ಇದು ನಿಯಮ, ಮತ್ತು ನಾನು ನಿಯಮದವ.

ಆ ವರ್ಷ ಆಯುಧಪೂಜೆಯ ಮೊದಲು ದೋಣಿಗಳಿಗೆ ಮತ್ತೊಮ್ಮೆ ಡಾಮರು ಬಳಿದರು. ಪೂಜೆಗೆ ಮಿನುಗಲೆಂದು ಹಾಗೆ ಮಾಡುವ ರೂಢಿಯಿತ್ತು, ನಾನು ಸಂಶಯಪಡಲಿಲ್ಲ. ಪೂಜೆಯ ದಿನ ದೋಣಿಯ ಮೂತಿಗೆ ಗಂಧ, ಅಡಿಕೆಯ ಹಿಂಗಾರದ ಎಸಳು, ಕಪ್ಪು ಮೈಯ ಮೇಲೆ ಹೊಸ ಬಿಳಿ ಗೆರೆ. ನೋಡುವುದಕ್ಕೆ ಚೆಂದವಾಗಿಯೇ ಇತ್ತು.

ಮರುದಿನದಿಂದಲೇ ನನಗೆ ಏನೋ ಕಸಿವಿಸಿ. ನೀರು ಗೆರೆಗೆ ಬರುವುದು ತಡವಾಗುತ್ತಿತ್ತು. ಹೊಸ ಡಾಮರಿನ ವಾಸನೆಗೆ ಬುದ್ಧಿ ಮಂಕಾಯಿತೋ ಎಂದುಕೊಂಡೆ. ಆಗ ಒಂದು ಸಂಗತಿ ಕಂಡಿತು. ಅಂಚಿನ ಹಲಗೆಯಲ್ಲಿ ಕುಳಿತ ಮೀನುಗಾರ್ತಿಯೊಬ್ಬಳು ಎಲೆಯಡಿಕೆಯ ಸುಣ್ಣ ಹತ್ತಿದ ಬೆರಳುಗಳನ್ನು ಹೊಳೆಯಲ್ಲಿ ತೊಳೆದಳು. ಬಾಗದೆ ತೊಳೆದಳು. ಅದೇ ಹೆಂಗಸು ಹಿಂದಿನ ವಾರದವರೆಗೂ ಒಂದು ಕೈಯಲ್ಲಿ ಅಂಚು ಹಿಡಿದು, ಸೊಂಟ ಮುರಿದು ಬಾಗಿ ನೀರು ಮುಟ್ಟುತ್ತಿದ್ದುದನ್ನು ನಾನು ದಿನವೂ ನೋಡಿದ್ದೆ. ನೀರು ಅವಳ ಬಳಿಗೆ ಬಂದಿತ್ತು.

ದೋಣಿ ಹಿಂತಿರುಗಿದಾಗ ಹಳೆಯ ಮೊಳೆಯೊಂದನ್ನು ಗುರುತಿಟ್ಟು ನೋಡಿದೆ. ಮೊದಲು ಗೆರೆ ಆ ಮೊಳೆಯ ಕೆಳಗಿತ್ತು, ಈಗ ಮೇಲಿದೆ. ಹಳೆಯ ಜಾಗಕ್ಕೂ ಹೊಸ ಗೆರೆಗೂ ನಡುವೆ ನನ್ನ ನಾಲ್ಕು ಬೆರಳು ಸರಿಯಾಗಿ ಕುಳಿತವು.

ದೋಣಿಯ ತಾಂಡೇಲ, ಎಂದರೆ ಹುಟ್ಟು ಹಾಕುವವರ ಮುಖ್ಯಸ್ಥ, ಮೆಟ್ಟಿಲ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. ಗೆರೆ ಎಳೆದವನು ಅವನೇ.

"ಇದು ಮೇಲೆ ಹೋದದ್ದು ಹೇಗೆ?" ಎಂದೆ.

"ಕೈಯಲ್ಲಿ ಬ್ರಶ್ ಹಿಡಿದು," ಎಂದ. ಜೊತೆಯವರು ನಕ್ಕರು.

"ತಮಾಷೆ ಬೇಡ."

"ಎಂತ ತಮಾಷೆ ಮಾರಾಯ್ರೇ? ಧಣಿಗಳು ಮೇಲೆ ಎಳಿ ಅಂದ್ರು, ಎಳೆದೆ. ನೀವು ಧಣಿ ಆದ ಮೇಲೆ ಕೆಳಗೆ ಎಳಿ ಅನ್ನಿ, ಕೆಳಗೆ ಎಳೀತೇನೆ. ಬಣ್ಣ ಒಂದೇ ಅಲ್ವಾ?"

ನೀವು ಧಣಿ ಆದ ಮೇಲೆ! ಆ ಮಾತು ಅಂದು ನನ್ನ ಕಿವಿಯ ಮೇಲೆ ಹಾದುಹೋಯಿತು. ಅದು ಮುಂದೆ ನನ್ನ ಕುತ್ತಿಗೆಗೆ ಬೀಳುವ ಹಗ್ಗದ ಮೊದಲ ಎಳೆ ಎಂದು ತಿಳಿಯಲಿಲ್ಲ.

ಮನೆಯ ವಿಷಯ ಮನೆಯಲ್ಲೇ ಮುಗಿಯಲಿ ಎಂದು ಮೊದಲು ಮಾವನ ಬಳಿಗೇ ಹೋದೆ. ಮಣ್ಣಗುಡ್ಡದ ನಮ್ಮ ಮನೆಯ ಚಾವಡಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಅವರು ಒರಗಿದ್ದರು. ಅವರ ಎದುರು ಅಳಿಯಂದಿರು ಕುಳಿತುಕೊಳ್ಳುವಂತಿಲ್ಲ. ಕಂಬದ ಬದಿಯಲ್ಲಿ ನಿಂತೇ ಮಾತನಾಡಿದೆ.

"ಹೊಸ ಹಲಗೆ ಹಾಕಿದ್ದಲ್ವಾ?" ಎಂದರು ಮಾವ, ಕಣ್ಣು ತೆರೆಯದೆ. "ಹೊಸ ಹಲಗೆ ನೀರು ಕುಡಿಯುವವರೆಗೆ ದೋಣಿ ಹಗುರ ಉಂಟು. ಹಗುರ ದೋಣಿಗೆ ಗೆರೆ ಮೇಲೆ."

"ಹಲಗೆ ಹಾಕಿದ್ದು ಓವರ್ಸಿಯರರು ಅಳತೆ ಮಾಡುವ ಮೊದಲು. ಅವರು ಹೊಸ ಹಲಗೆಯನ್ನೇ ನೋಡಿ ಗೆರೆ ಹಾಕಿದ್ದು. ಇನ್ನು ಹಲಗೆ ನೀರು ಕುಡಿದರೆ ದೋಣಿ ಭಾರವಾಗುತ್ತದೆಯೇ ಹೊರತು ಹಗುರವಲ್ಲ."

ಅವರು ಕಣ್ಣು ತೆರೆದರು. "ನಿನಗೆ ಗಂಟೆ ಕೊಟ್ಟದ್ದು ಬಾರಿಸಲಿಕ್ಕೆ."

"ಸುಳ್ಳು ಗೆರೆಗೆ ಹೇಗೆ ಬಾರಿಸುವುದು?"

"ಗೆರೆಗೆ ಸುಳ್ಳು, ಸತ್ಯ ಅಂತ ಉಂಟಾ? ಎಳೆದಲ್ಲಿ ಗೆರೆ." ಆಮೇಲೆ, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ನಾನು ಕಣ್ಣು ಮುಚ್ಚುವವರೆಗೆ ಕಾಯ್ಲಿಕ್ಕೆ ಆಗುದಿಲ್ವಾ ನಿನಗೆ? ಅಷ್ಟು ಅವಸರ ಎಂತದು ಮಾರಾಯ?"

ನಾನು ಜನರ ಪ್ರಾಣದ ಮಾತು ಎತ್ತಿದ್ದೆ. ಅವರು ಆಸ್ತಿಯ ಮಾತಿನಿಂದ ಉತ್ತರಿಸಿದರು. ಒಳಗೆ ಯಾರೋ ನಕ್ಕರು. ಯಾರು ನಕ್ಕರೆಂದು ನನಗೆ ಗೊತ್ತು. ಅವರು ಈಗ ಇಲ್ಲದ ಕಾರಣ ಬಿಟ್ಟಿದ್ದೇನೆ.

ಯಾರನ್ನೂ ದೂರದೆ ನನ್ನ ಕೆಲಸವನ್ನು ನಾನೇ ಸರಿಯಾಗಿ ಮಾಡಿದರೆ ಸಾಕಲ್ಲವೇ ಎಂದು ಆಮೇಲೆ ಯೋಚಿಸಿದೆ. ಹೊಸ ಗೆರೆಯನ್ನು ಮರೆತು ಹಳೆಯ ಗೆರೆಯ ಜಾಗಕ್ಕೆ ನೀರು ಬಂದಾಗಲೇ ಗಂಟೆ ಬಾರಿಸತೊಡಗಿದೆ. ಇದರಿಂದ ಯಾರಿಗೆ ಉಪಕಾರವಾಗುತ್ತಿತ್ತೋ ಅವರೇ ನನ್ನ ಮೇಲೆ ಬಿದ್ದರು.

"ಓ ಗಂಟೆಯಣ್ಣಾ! ಗೆರೆ ಇನ್ನೂ ಗಾಳಿಯಲ್ಲಿ ಉಂಟು, ಕಾಣುದಿಲ್ವಾ ನಿಮಗೆ?" ಎಂದು ಮೆಟ್ಟಿಲಲ್ಲೇ ಉಳಿದ ಮೀನುಗಾರ್ತಿ ಕೂಗಿದಳು. ಸುಣ್ಣದ ಬೆರಳಿನವಳೇ.

"ಮುಂದಿನ ದೋಣಿಗೆ ಬನ್ನಿ," ಎಂದೆ.

"ಮುಂದಿನ ದೋಣಿಗೆ ನಾನು ಬರ್ತೇನೆ, ನನ್ನ ಮಕ್ಕಳ ಹಸಿವು ಬರ್ತದಾ? ಗಂಜಿ ಬೇಯಿಸ್ಲಿಕ್ಕೆ ಉಂಟು ನನಗೆ."

"ಬಿಡು ಅಕ್ಕ," ಎಂದಳು ಜೊತೆಯವಳು, "ಅವರಿಗೆ ನಮ್ಮ ಬುಟ್ಟಿಯ ವಾಸನೆ ಆಗುದಿಲ್ಲ. ಅತ್ತರಿನವರು ಬಂದ್ರೆ ಗೆರೆ ತನ್ನಷ್ಟಕ್ಕೆ ಮೇಲೆ ಹೋಗ್ತದೆ."

ದಡವಿಡೀ ನಕ್ಕಿತು. ಗೆರೆ ಸುಳ್ಳು ಎಂದು ಅಲ್ಲೇ ಕೂಗಿ ಹೇಳಿಬಿಡಬಹುದಿತ್ತು. ಹೇಳಿದ್ದರೆ ಮಾವನನ್ನು ನಡುಬೀದಿಯಲ್ಲಿ ಕಳ್ಳನೆಂದು ಕರೆದಂತೆ. ಹೇಳದಿದ್ದರೆ ವಾಸನೆಗೆ ಮೂಗು ಮುಚ್ಚುವವನೆಂಬ ಹೆಸರು. ಎರಡನೆಯದನ್ನೇ ಹೊತ್ತುಕೊಂಡೆ. ಆ ಸಂಜೆಯೇ ಮಾವನಿಂದ ಅಪ್ಪಣೆಯಾಯಿತು: ನೀರು ಗೆರೆಯನ್ನು ಮುಟ್ಟುವ ಮೊದಲು ಗಂಟೆಯಾದರೆ ಗಂಟೆ ಬೇರೆಯವರ ಕೈಗೆ.

ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗದ ದಿನಗಳು. ದೋಣಿ ಹೊರಟರೆ ಅದು ಆಚೆ ಮುಟ್ಟುವವರೆಗೂ ಮೆಟ್ಟಿಲ ಮೇಲೆ ಹತ್ತಿ ಇಳಿಯುತ್ತಿದ್ದೆ. ಗಾಳಿಯ ದಿಕ್ಕು ನೋಡುವ ಚಾಳಿ ಹಿಡಿಯಿತು. ಅಮಾವಾಸ್ಯೆ ಹುಣ್ಣಿಮೆಗಳು ಹತ್ತಿರವಾದರೆ ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದೆ, ಏಕೆಂದರೆ ಆಗ ಇಳಿತದ ಸೆಳೆತ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಿಗೆ ದೋಣಿಯನ್ನು ಎಳೆಯುತ್ತದೆ. ಊಟಕ್ಕೆ ಕುಳಿತರೆ ಅನ್ನವನ್ನು ಕಲಸಿ ಕಲಸಿ ಹಾಗೇ ಬಿಡುತ್ತಿದ್ದೆ.

ಓವರ್ಸಿಯರರ ಮನೆ ಕೊಟ್ಟಾರದಲ್ಲಿತ್ತು. ಒಂದು ಭಾನುವಾರ ಬೆಳಿಗ್ಗೆ ಹೊರಟೆ. ಆಗ ಆ ಕಡೆಗೆ ಗದ್ದೆಯ ಬದುವಿನ ದಾರಿ. ಅವರ ಮನೆಯ ಬೇಲಿ ಕಾಣುವಲ್ಲಿಯವರೆಗೆ ಹೋಗಿ, ಮಾವನ ಬಗ್ಗೆ ಹೇಳಬೇಕಾದ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಮುರಿದು, ಮತ್ತೆ ಕಟ್ಟಿ, ಕೊನೆಗೆ ಹಿಂತಿರುಗಿದೆ. ಅವರು ನನಗೆ ಅನ್ನ ಹಾಕಿದವರು. ತಂದೆ ತೀರಿದ ಮೇಲೆ ನನ್ನ ಓದು ಅವರ ಖರ್ಚಿನಲ್ಲಿ ನಡೆದದ್ದು. ಇದನ್ನು ನಾನು ಮರೆತವನಲ್ಲ. ಉಪಕಾರವನ್ನೂ ನಾನು ಮರೆಯುವುದಿಲ್ಲ. ಇನ್ನೊಂದು ಸಲ ಹೊರಟಾಗ ದಾರಿಯಲ್ಲಿ ಪರಿಚಯದವರು ಸಿಕ್ಕಿ, "ಎಲ್ಲಿಗೆ ಸವಾರಿ?" ಎಂದು ಕೇಳಿದರು. "ಗಾಳಿಗೆ," ಎಂದು ಹೇಳಿ ಅಲ್ಲಿಂದಲೇ ತಿರುಗಿದೆ.

ಅಮ್ಮನಿಗೆ ಹೇಳಿದೆ. ಆಕೆ ಹಿತ್ತಿಲ ಜಗಲಿಯಲ್ಲಿ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ಎಲ್ಲವನ್ನೂ ಕೇಳಿದಳು; ಕೈ ನಿಲ್ಲಲಿಲ್ಲ.

"ಅಣ್ಣನ ಮೇಲೆ ನೀನು ಹೊರಗಿನವರ ಹತ್ತಿರ ಬಾಯಿಬಿಟ್ಟರೆ, ನಾಳೆ ಈ ಮನೆಯಲ್ಲಿ ನಾನು ಯಾವ ಮುಖದಲ್ಲಿ ಊಟಕ್ಕೆ ಕೂರುದು?" ಎಂದಳು.

"ಹಾಗಾದರೆ ಸುಮ್ಮನಿರಲಾ?"

"ಸುಮ್ಮನಿರು ಅಂತ ನಾನು ಹೇಳಿದೆನಾ? ಯಾವ ಮುಖದಲ್ಲಿ ಅಂತ ಕೇಳಿದೆ." ಎಲೆಗಳನ್ನು ಒಂದರ ಮೇಲೊಂದು ಇಟ್ಟು, ಮತ್ತೆ ಕೇಳಿದಳು: "ಆ ದೋಣಿಯಲ್ಲಿ ನೀನು ಕೂತು ನೋಡಿದ್ದೀಯಾ?"

"ನಾನು ದಡದಲ್ಲಿ ನಿಲ್ಲುವವ."

"ಮತ್ತೆ ನಿನಗೆ ಹೇಗೆ ಗೊತ್ತು?"

ಇದು ಅಮ್ಮನ ರೀತಿ. ತಡೆಯುತ್ತಿದ್ದಾಳೋ ತಳ್ಳುತ್ತಿದ್ದಾಳೋ ಹೇಳಲಾಗುವುದಿಲ್ಲ.

ಮರುದಿನ ಸಂಜೆ ಗಂಟೆಯನ್ನು ಸಹಾಯಕನ ಕೈಗೆ ಕೊಟ್ಟು, ತುಂಬಿದ ದೋಣಿಯ ಅಂಚಿನಲ್ಲಿ ಕುಳಿತೆ. "ಓಹೋ, ಇವತ್ತು ಗಂಟೆಯೇ ದೋಣಿ ಹತ್ತಿತು!" ಎಂದು ಹೆಂಗಸರು ಹಾಸ್ಯ ಮಾಡಿದರು. ನಡುಹೊಳೆಗೆ ಬರುವಾಗ ಹೊಗೆಯುಗುಳುತ್ತ ಉಗಿದೋಣಿಯೊಂದು ಬಂದರಿನತ್ತ ಹಾದುಹೋಯಿತು. ಅದರ ಅಲೆ ನಮ್ಮ ಬಳಿ ಬರುವಷ್ಟರಲ್ಲಿ ಬಹಳ ಸಣ್ಣದಾಗಿತ್ತು. ಆ ಸಣ್ಣ ಅಲೆಯೇ ಅಂಚು ದಾಟಿ, ಸಾವಧಾನವಾಗಿ, ತನ್ನ ಮನೆಗೆ ತಾನು ಬಂದಂತೆ ಒಳಗಿಳಿಯಿತು. ನನ್ನ ಪಂಚೆ ಮೊಣಕಾಲಿನವರೆಗೆ ನೆನೆಯಿತು.

"ಸ್ನಾನಕ್ಕೆ ನೀರು ಕಾಯಿಸುವ ಕೆಲಸ ತಪ್ಪಿತು," ಎಂದಳೊಬ್ಬಳು. ಎಲ್ಲರೂ ನಕ್ಕರು. ನಗುತ್ತಲೇ ಒಬ್ಬ ತಾಯಿ ಮಡಿಲ ಕೂಸನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು. ತಾಂಡೇಲ ಮಾತ್ರ ನಗಲಿಲ್ಲ. ಹಳೆಯ ತಗಡಿನ ಡಬ್ಬಿಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತ, ನನ್ನ ಮುಖ ನೋಡದೆ, "ಇನ್ನೊಂದು ಅಲೆ ಬಾರದಿದ್ದರೆ ಸಾಕು," ಎಂದ.

ಇನ್ನೊಂದು ಅಲೆ ಬರಲಿಲ್ಲ. ನಾನು ಮರುದಿನ ಕೊಟ್ಟಾರಕ್ಕೆ ಹೋದೆ. ಈ ಸಲ ಬೇಲಿ ದಾಟಿದೆ.

ಓವರ್ಸಿಯರರು ಜಗಲಿಯಲ್ಲಿ ಕನ್ನಡಿ ತೂಗುಹಾಕಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಕುಳಿತುಕೊಳ್ಳಿ ಎನ್ನಲಿಲ್ಲ. ಬದುವಿನ ಬಿಸಿಲಿನಲ್ಲಿ ನಡೆದುಬಂದವನಿಗೆ ನೀರು ಬೇಕೇ ಎಂದೂ ಕೇಳಲಿಲ್ಲ. ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ನನ್ನ ಮಾತು ಕೇಳಿದರು. ಹಳೆಯ ಗೆರೆ ಡಾಮರಿನ ಅಡಿಯಲ್ಲಿದೆ, ಕೆರೆದರೆ ಕಾಣುತ್ತದೆ ಎಂದೆ. ನಾನು ಬಂದು ಹೇಳಿದ್ದು ತಿಳಿಯಬಾರದು, ಸಾಮಾನ್ಯ ತಪಾಸಣೆಯಂತೆ ಬಂದು ನೋಡಬೇಕು, ನನ್ನ ತಾಯಿ ಆ ಮನೆಯಲ್ಲಿ ಬದುಕಬೇಕು ಎಂದು ಸ್ಪಷ್ಟವಾಗಿ ಕೇಳಿಕೊಂಡೆ.

"ಛೆ ಛೆ, ನಿಮ್ಮ ಹೆಸರು ನನ್ನ ಬಾಯಿಂದ ಹೇಗೆ ಬರುತ್ತದೆ? ಇಂಥವರಿಗೆ ರಕ್ಷಣೆ ಕೊಡುವುದು ನಮ್ಮ ಧರ್ಮವಲ್ಲವೇ?" ಎಂದರು, ಕನ್ನಡಿಗೆ.

ಅವರು ಬಂದರು, ನಿಜ. ದೋಣಿಯನ್ನು ದಡಕ್ಕೆಳೆಸಿದರು. ಕಿಸೆಯ ಚೂರಿಯಿಂದ ತಾವೇ ಡಾಮರು ಕೆರೆದರು. ಹೊಸ ಗೆರೆಯ ಕೆಳಗೆ, ನಾನು ಹೇಳಿದ ಜಾಗದಲ್ಲೇ, ಹಳೆಯ ಬಿಳುಪು ಕಾಣಿಸಿತು. ಮಾವ ಕೊಡೆಯ ನೆರಳಿನಲ್ಲಿ ನಿಂತಿದ್ದರು. ಅವರ ಮುಖ ಕೆಂಪಾಯಿತು; ಆಮೇಲೆ ಏನೂ ಇಲ್ಲದಂತಾಯಿತು.

"ಬಣ್ಣ ಬಳಿದವನ ಕಣ್ತಪ್ಪು. ಗೆರೆ ಇವತ್ತೇ ಕೆಳಗೆ ಬರಲಿ," ಎಂದು ಓವರ್ಸಿಯರರು ಪ್ರಕರಣವನ್ನು ಮುಗಿಸಿದರು. ತಾಂಡೇಲ ತಲೆ ತಗ್ಗಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ನನಗೇನೂ ದೂರಿರಲಿಲ್ಲ. ಆದರೆ ಗುತ್ತಿಗೆದಾರರ ಮನಸ್ಸು ಕಹಿಯಾಗಬಾರದಲ್ಲ! ಕೈಗೆ ಹತ್ತಿದ ಡಾಮರನ್ನು ಒರೆಸಿಕೊಳ್ಳುತ್ತ, ನನ್ನತ್ತ ಗಲ್ಲವೆತ್ತಿ, ಮಾವನಿಗೆ ನಗುತ್ತ ಹೇಳಿದರು:

"ನಿಮ್ಮ ಅಳಿಯ ಇರುವಾಗ ನನಗೆ ಕೆಲಸವೇ ಇಲ್ಲ ನೋಡಿ. ಮುಂದಿನ ಯಜಮಾನರು ಈಗಲೇ ತಯಾರಾಗಿಬಿಟ್ಟಿದ್ದಾರೆ."

ಎರಡೇ ವಾಕ್ಯ. ಕೊಟ್ಟ ಮಾತು ಮುರಿದದ್ದಷ್ಟೇ ಅಲ್ಲ. ಮುರಿದ ಮಾತಿಗೆ ಕಾರಣವೊಂದನ್ನೂ ಅಂಟಿಸಿ ಮಾವನ ಕೈಗಿತ್ತರು.

ಆ ವಾರವೇ ಮನೆಯ ಹಿರಿಯರು ಸೇರಿದರು. ಹಳ್ಳಿಯಲ್ಲಿದ್ದ ನಮ್ಮ ಮನೆತನದ ಕವಲಿನಿಂದ ಅಜ್ಜನ ವರಸೆಯ ಒಬ್ಬರೂ ಬಂದಿದ್ದರು. ಗೆರೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದರೆ, "ಅದು ಸರಿಯಾಯಿತಲ್ಲ, ಈಗ ನಿನ್ನ ವಿಷಯ," ಎಂದರು.

"ನನ್ನ ವಿಷಯ ಎಂತ ಉಂಟು?" ಎಂದೆ.

"ನೀನು ಹೇಳಿದ್ದು ದೋಣಿಯ ಜನರಿಗಾಗಿಯಾ, ಚಾವಡಿಯ ಮಣೆಗಾಗಿಯಾ?" ಎಂದರು ಅಜ್ಜ.

"ಜನರಿಗಾಗಿ."

"ಹಾಗಾದರೆ ಯಜಮಾನಿಕೆ ನನಗೆ ಬೇಡ ಅಂತ ದೈವದ ಎದುರು ಹೇಳು. ನಾವು ನಂಬ್ತೇವೆ."

ಅಮ್ಮ ಬಾಗಿಲ ಮರೆಯಲ್ಲಿದ್ದಳು. ನನಗೆ ಯೋಚಿಸಲು ಏನೂ ಉಳಿದಿರಲಿಲ್ಲ. ದೈವದ ಕೋಣೆಯ ಹೊಸ್ತಿಲಲ್ಲಿ ನಿಂತು, ನನ್ನ ಸರದಿ ಬಂದಾಗ ಮಣೆ ಏರುವುದಿಲ್ಲ, ಅಳಿಯಂದಿರಲ್ಲಿ ನನಗಿಂತ ಕಿರಿಯವನಿಗೆ ಬಿಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೇಳಿ ತಿರುಗುವಾಗ, ನಂಬುತ್ತೇವೆಂದ ಅದೇ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಪಕ್ಕದವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಎಷ್ಟು ಸುಲಭದಲ್ಲಿ ಬಿಟ್ಟ, ನೋಡಿದಿರಾ? ಒಳಗೆ ತಪ್ಪು ಇಲ್ಲದವ ತನ್ನ ಹಕ್ಕನ್ನು ಹೀಗೆ ಬಿಡ್ತಾನಾ?" ಪಕ್ಕದವರು ಹೌದೆಂದು ತಲೆಯಾಡಿಸಿದರು. ಇಟ್ಟುಕೊಂಡಿದ್ದರೆ ಆಸೆ, ಬಿಟ್ಟರೆ ತಪ್ಪೊಪ್ಪಿಗೆ.

ಗಂಟೆ ನನ್ನ ಕೈ ತಪ್ಪಿತು. ನಾನು ಬೇರೆ ಕಡೆ ಕೆಲಸ ಹುಡುಕಿಕೊಂಡು ಮನೆ ಬಿಟ್ಟೆ. ಜೊತೆಗೆ ಬಾ ಎಂದು ಅಮ್ಮನನ್ನು ಕರೆದೆ. "ಇದು ನನ್ನ ತಾಯಿಯ ಮನೆ. ಅವರು ಎಂತದೋ ಹೇಳಿದರೆಂದು ನಾನು ಯಾಕೆ ಹೋಗ್ಲಿ?" ಎಂದಳು. ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. ಊಟದ ಸಾಲಿನಲ್ಲಿ ಅವಳ ಎಲೆಯನ್ನು ಮಾತ್ರ ಹಿರಿಯರ ಪಕ್ಕದಿಂದ ಸರಿಸಿ ಕೊನೆಗೆ, ಅಡುಗೆಮನೆಯ ಹೊಗೆಯ ಬದಿಗೆ ಹಾಕತೊಡಗಿದರು. ಅವಳು ಬದುಕಿದ್ದಷ್ಟು ಕಾಲ ಅಲ್ಲಿಯೇ ಕುಳಿತು ಉಂಡಳು. ಒಮ್ಮೆಯೂ ನನ್ನ ಬಳಿ ದೂರಲಿಲ್ಲ. ಆ ಸಾಲನ್ನು ನಾನು ಕಣ್ಣಾರೆ ಕಂಡದ್ದು ಮನೆಯ ಒಂದು ಮದುವೆಗೆ ಹೋದಾಗ.

ಗೆರೆ ಮತ್ತೆ ಮೇಲೇರಲಿಲ್ಲ. ಮಾವನ ಗುತ್ತಿಗೆ ಮುಗಿಯುವವರೆಗೂ ದೋಣಿಗಳು ಅಳತೆಯಲ್ಲೇ ತುಂಬಿದವು. ಮೀನಿನ ಬುಟ್ಟಿಗಳು, ಕೂಸುಗಳು, ಶಾಲೆಯ ಚೀಲಗಳು ಎಲ್ಲವೂ ದಾಟಿದವು. ಯಾರೂ ಮುಳುಗಲಿಲ್ಲ. ಆಶ್ಚರ್ಯವೆಂದರೆ, ಅದೇ ನನ್ನ ವಿರುದ್ಧದ ಸಾಕ್ಷಿಯಾಯಿತು. ಆ ಮದುವೆಯ ಚಪ್ಪರದಲ್ಲೂ, ನಾನು ಕೈ ತೊಳೆಯಲು ಏಳುವಾಗ, ಹಿಂದಿನಿಂದ ನಮ್ಮವರೇ ಒಬ್ಬರು ಹೇಳಿದರು: "ಎಂತ ದೊಡ್ಡ ಸುದ್ದಿ ಮಾಡಿದ ಮಾರಾಯ! ಕೊನೆಗೆ ಯಾರಿಗೆ ಎಂತ ಆಯ್ತು? ಒಂದು ಕೋಳಿಯಾದರೂ ಸತ್ತಿತಾ?"

ಮಾವ ತೀರಿದರು; ಕಿರಿಯವನು ಮಣೆ ಏರಿದ, ಅವನೊಡನೆ ನನಗೆ ಜಗಳವಿಲ್ಲ. ಓವರ್ಸಿಯರರು ನಿವೃತ್ತರಾಗಿ ಸುಖವಾಗಿದ್ದಾರೆಂದು ಕೇಳಿದ್ದೇನೆ. ಚಪ್ಪರದಲ್ಲಿ ಕೋಳಿಯ ಮಾತಾಡಿದವರೂ, ದೈವದ ಕೋಣೆಯೆದುರು ತಲೆಯಾಡಿಸಿದವರಲ್ಲಿ ಹಲವರೂ ಇನ್ನೂ ಇದ್ದಾರೆ. ನನ್ನವರೇ, ಕೆರೆದ ಡಾಮರಿನ ಅಡಿಯ ಬಿಳುಪು ನಿಮಗೆ ಸಾಲಲಿಲ್ಲ. ನನ್ನ ಹಕ್ಕನ್ನು ಬಿಟ್ಟುಕೊಟ್ಟದ್ದೂ ಸಾಲಲಿಲ್ಲ. ನಿಮ್ಮೆಲ್ಲರನ್ನೂ ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರ ಹೇಳುವ ಧೈರ್ಯವಿದ್ದವರು ಹೇಳಿ: ಆ ಹೊಳೆಯಲ್ಲಿ ಎಷ್ಟು ಮಂದಿ ಮುಳುಗಿದ್ದರೆ ನನ್ನ ಮಾತು ನಿಮಗೆ ನಿಜವೆನಿಸುತ್ತಿತ್ತು?